ಬಸ್ಸೋ, ಬಾಡಿಗೆ ಜೀಪೋ?

ಪೇಟೆಗೆ ಹೊರಟ ಬೆಳೆಗಾರನು ಬಸ್ಸಿಗೆ ಕಾಯಬೇಕೇ, ಬಾಡಿಗೆ ಜೀಪು ಕರೆಸಬೇಕೇ ಎಂಬುದು ಮೇಲ್ನೋಟಕ್ಕೆ ಚಿಲ್ಲರೆ ಪ್ರಶ್ನೆ. ಆದರೆ ನಮ್ಮೂರಿಗೆ ಬಸ್ಸು ಉಳಿಯುವುದೋ ಇಲ್ಲವೋ ಎಂಬುದು ನಾವೆಲ್ಲರೂ ಕೊಡುವ ಉತ್ತರವನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ದರವೊಂದನ್ನೇ ನೋಡಿದರೆ ಬಸ್ಸೇ ಮೇಲು. ಒಬ್ಬರೇ ಹೋದರೆ ಜೀಪಿನ ಪೂರ್ತಿ ಬಾಡಿಗೆ ನಮ್ಮ ತಲೆಯ ಮೇಲೆಯೇ. ಐದಾರು ಮಂದಿ ಕೂಡಿದರೆ ಭಾರ ಹಂಚಿಹೋಗುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರ್ಕಾರಿ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೆ ಖಾಸಗಿ ಬಸ್ಸುಗಳನ್ನೇ ನಂಬಿಕೊಂಡಿರುವ ಮಲೆನಾಡಿನ ಹಾದಿಗಳಲ್ಲಿ ಈ ಅನುಕೂಲವಿಲ್ಲ.

ಇಷ್ಟಾದರೂ ನಾವು ಜೀಪು ಕರೆಸುವುದೇಕೆ? ದರಕ್ಕಿಂತ ಮಿಗಿಲಾದವು ಹೊತ್ತು ಮತ್ತು ಹೊರೆ. ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹಣ್ಣು, ಮನೆಯಲ್ಲಿ ಆಳುಗಳು ಕಾಯುತ್ತಿರುವಾಗ ಅರ್ಧ ದಿನವನ್ನು ಬಸ್ ನಿಲ್ದಾಣದಲ್ಲಿ ಕಳೆಯಲಾಗದು. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಗತಿಯೇನೆಂಬ ಅಳುಕು ಬೇರೆ. ಮೈಲುತುತ್ತ, ಸುಣ್ಣ, ಹಿಂಡಿಯ ಚೀಲಗಳನ್ನು ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸಿ ಹೋಗುತ್ತದೆ; ಜೀಪು ಅಂಗಳದವರೆಗೂ ತರುತ್ತದೆ. ಮಳೆಗಾಲದಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವಾಗಲಂತೂ ಲೆಕ್ಕಾಚಾರದ ಮಾತೇ ಇಲ್ಲ.

ಆದರೆ ಸೀಟುಗಳು ಖಾಲಿ ಉಳಿದಷ್ಟೂ ಬಸ್ಸಿನ ಗಳಿಕೆ ಕುಗ್ಗುತ್ತದೆ. ಗಳಿಕೆ ಕುಗ್ಗಿದರೆ ಟ್ರಿಪ್ಪು ನಿಲ್ಲುತ್ತದೆ. ಟ್ರಿಪ್ಪು ನಿಂತರೆ ಉಳಿದವರೂ ಜೀಪನ್ನೇ ಹಿಡಿಯಬೇಕಾಗುತ್ತದೆ. ಕೊನೆಗೆ ಕಷ್ಟಕ್ಕೆ ಸಿಲುಕುವವರು ಶಾಲೆಯ ಮಕ್ಕಳು, ಕೂಲಿಯವರು ಮತ್ತು ವೃದ್ಧರು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯು ಸುಮಾರು ಮೂರು ದಶಕ ಮಲೆನಾಡಿನ ಒಳಹಾದಿಗಳಲ್ಲಿ ಓಡಿತು. ಏರುತ್ತ ಹೋದ ಖರ್ಚಿಗೆ ಆದಾಯ ಸಾಲದೆ 2020ರಲ್ಲಿ ಅದು ನಿಂತುಹೋಯಿತು. ಸಹಕಾರದ ಹೆಸರೊಂದೇ ಬಸ್ಸನ್ನು ಓಡಿಸಲಾರದು, ಪ್ರಯಾಣಿಕರೂ ಬೇಕೆಂಬುದನ್ನು ಸಹಕಾರಿಗಳಾದ ನಾವು ಮರೆಯಬಾರದು.

ಆದುದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಬರಿಗೈಯಲ್ಲಿ ಹೋಗಿಬರುವ ದಿನ ಬಸ್ಸನ್ನೇ ಹತ್ತೋಣ. ಗೊಬ್ಬರ, ಹಿಂಡಿ ತರುವುದಿದ್ದರೆ ನೆರೆಹೊರೆಯ ಮೂರು ನಾಲ್ಕು ಮನೆಯವರು ಒಂದೇ ದಿನ ಗೊತ್ತುಮಾಡಿಕೊಂಡು ಒಂದೇ ಗಾಡಿ ಹಿಡಿಯೋಣ. ಬಸ್ಸಿನ ವೇಳೆ ನಮ್ಮ ಕೆಲಸಕ್ಕೆ ಹೊಂದದಿದ್ದರೆ ಗೊಣಗಿ ಸುಮ್ಮನಾಗದೆ, ಊರವರೆಲ್ಲ ರುಜು ಹಾಕಿ ಜಿಲ್ಲೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಮನವಿ ಕೊಡೋಣ. ಖಾಸಗಿ ಬಸ್ಸುಗಳ ಪರ್ಮಿಟ್ಟು, ವೇಳೆಗಳು ತೀರ್ಮಾನವಾಗುವುದು ಅಲ್ಲಿಯೇ.