ಬಾವಿಯ ತಳದ ಕುರುಡು ಜೀವಿ: ನಿಕಲ್ಸಿಯ

ಬಾವಿಯಿಂದ ಸೇದಿದ ನೀರಿನಲ್ಲಿ ಹುಳು ಕಂಡರೆ ನಮ್ಮವರು ಮೊದಲು ಮಾಡುವ ಕೆಲಸ ಅದನ್ನು ಚೆಲ್ಲುವುದು. ಆದರೆ ಕಾಶಿಯ ಬಾವಿಗಳಲ್ಲಿ ಸಿಕ್ಕ ಇಂಥದೊಂದು ಪ್ರಾಣಿಯನ್ನು ಚೋಪ್ರಾ ಮತ್ತು ತಿವಾರಿ ಎಂಬ ಪ್ರಾಣಿಶಾಸ್ತ್ರಜ್ಞರು ಚೆಲ್ಲದೆ ಪರೀಕ್ಷಿಸಿದರು. ಅದು ಅದುವರೆಗೆ ಯಾರೂ ವರ್ಣಿಸದಿದ್ದ ಹೊಸ ಜಾತಿಯೇ ಆಗಿತ್ತು. 1950ರಲ್ಲಿ ಅದಕ್ಕೆ ನಿಕಲ್ಸಿಯ ಎಂದು ಹೆಸರಿಟ್ಟರು. ಮೊದಲ ಪ್ರಭೇದದ ಹೆಸರಿನಲ್ಲಿ ಕಾಶಿಯೂ ಸೇರಿತು.

ಇದು ಸಿಗಡಿ, ಏಡಿಗಳ ದೂರದ ನೆಂಟ. ಗೊಬ್ಬರದ ಗುಂಡಿಯ ಅಂಚಿನ ಕಲ್ಲೆತ್ತಿದರೆ ಏಳು ಜೊತೆ ಕಾಲಿನ ಬೂದು ಬಣ್ಣದ ಹುಳು ಓಡುವುದನ್ನು ನೋಡಿರುತ್ತೀರಿ. ಅದೂ ನಿಕಲ್ಸಿಯವೂ ಐಸೊಪಾಡ್ ಎಂಬ ಒಂದೇ ಗುಂಪಿನವು. ನಿಕಲ್ಸಿಯದ ಮೈ ನೀಳ, ಬಣ್ಣವಿಲ್ಲ, ಕಣ್ಣೂ ಇಲ್ಲ. ಬೆಳಕೇ ಬೀಳದ ಕಡೆ ಕಣ್ಣಿನಿಂದ ಆಗಬೇಕಾದದ್ದೇನು? ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲಿಯೇ ಹೊತ್ತುಕೊಂಡಿರುತ್ತದೆ. ನೀರಿನಲ್ಲಿ ತೇಲಿಹೋಗುವ ಮರಿಹುಳುವಿನ ಹಂತ ಇದಕ್ಕಿಲ್ಲ.

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಸಮುದ್ರ ದಾಟಲಾರದ ಈ ಪ್ರಾಣಿಯ ಹತ್ತಿರದ ಬಳಗವಿರುವುದು ಆಸ್ಟ್ರೇಲಿಯದಲ್ಲಿ. ದೂರದ ಬಳಗ ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಲ್ಲಿಯೂ ಇದೆ. ಈ ಭೂಭಾಗಗಳೆಲ್ಲ ಗೊಂಡ್ವಾನ ಎಂಬ ಒಂದೇ ಖಂಡವಾಗಿದ್ದಾಗ ಇವುಗಳ ಪೂರ್ವಜರು ಒಟ್ಟಿಗೆ ಇದ್ದರೆಂದೂ, ಖಂಡ ಒಡೆದಾಗ ಬೇರೆಯಾದರೆಂದೂ ವಿಜ್ಞಾನಿಗಳು ವಿವರಿಸುತ್ತಾರೆ. ಈ ಬಳಗದ ಪಳೆಯುಳಿಕೆಗಳು ಸುಮಾರು 30 ಕೋಟಿ ವರ್ಷಗಳಷ್ಟು ಹಳೆಯವು. ನಿಕಲ್ಸಿಯದ ಸೋದರ ಜಾತಿಯೊಂದನ್ನು ನೆರೆಯ ಆಂಧ್ರದಿಂದ 2011ರಲ್ಲಿ ವರ್ಣಿಸಲಾಯಿತು. ಮುಂದೆ ಅಲ್ಲಿಯ ಸುಣ್ಣಕಲ್ಲಿನ ಗುಹೆಗಳಿಂದ ಅದರ ಮತ್ತೊಂದು ಪ್ರಭೇದವೂ ಬೆಳಕಿಗೆ ಬಂತು.

ಬೇಸಾಯಗಾರನಿಗೆ ಇದರಿಂದೇನು? ಈ ಪ್ರಾಣಿ ಬೆಳೆ ತಿನ್ನುವುದಿಲ್ಲ. ಇದು ಬಾವಿಯಲ್ಲಿ ಹುಟ್ಟಿದ್ದಲ್ಲ. ಮರಳಿನ ಸಂದಿ, ಕಲ್ಲಿನ ಬಿರುಕುಗಳಲ್ಲಿ ತುಂಬಿರುವ ಅಂತರ್ಜಲವೇ ಇಂಥ ಜೀವಿಗಳ ಮನೆ. ಬಾವಿ ಆ ಮನೆಗೆ ನಾವು ತೆರೆದ ಕಿಟಕಿ ಮಾತ್ರ. ಅದೇ ಕಿಟಕಿಯಿಂದ ನಮ್ಮ ಔಷಧಿಯೂ ಒಳಹೋಗುತ್ತದೆ. ಕೀಟ, ಏಡಿ, ಐಸೊಪಾಡ್‌ಗಳ ನರವ್ಯೂಹ ಬಹುಮಟ್ಟಿಗೆ ಒಂದೇ ಬಗೆಯದು; ಕೀಟನಾಶಕಕ್ಕೆ ಇವುಗಳಲ್ಲಿ ಭೇದ ತಿಳಿಯದು. ಮೇಲಿನ ಮಣ್ಣಿನಲ್ಲಿ ಬಿಸಿಲು, ಸೂಕ್ಷ್ಮಜೀವಿಗಳಿಂದ ವಿಷ ಬೇಗ ಒಡೆಯುತ್ತದೆ. ಕೆಳಗೆ ಬಿಸಿಲಿಲ್ಲ, ಸೂಕ್ಷ್ಮಜೀವಿಗಳೂ ಕಡಿಮೆ. ಆದ್ದರಿಂದ ಅಲ್ಲಿ ಸೇರಿದ ವಿಷ ಬಹುಕಾಲ ನಿಲ್ಲಬಲ್ಲದು, ಅದೇ ನೀರು ಮತ್ತೆ ನಮ್ಮ ಕೊಡಕ್ಕೆ ಬರುತ್ತದೆ.

ಒಂದು ಎಚ್ಚರಿಕೆ: ಇಂಥ ಹುಳು ಇದ್ದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೆಂದು ತಿಳಿಯಬಾರದು. ಸೋಸಿ, ಕುದಿಸಿ ಕುಡಿಯುವುದೇ ಸರಿ. ಹುಳು ಕಂಡಿತೆಂದು ಬಾವಿಗೆ ಕೀಟನಾಶಕವನ್ನಂತೂ ಎಂದೂ ಹಾಕಕೂಡದು. ಸಿಂಪರಣಾ ಯಂತ್ರವನ್ನು ಬಾವಿಕಟ್ಟೆಯ ಮೇಲೆ ತೊಳೆಯದೆ, ತೊಳೆದ ನೀರನ್ನು ಔಷಧಿ ಹೊಡೆದ ಹೊಲಕ್ಕೇ ಸಿಂಪಡಿಸಿರಿ. ಖಾಲಿ ಡಬ್ಬಿಗಳನ್ನು ಹಾಳುಬಾವಿಗೆ ಎಸೆಯುವ ರೂಢಿ ಇನ್ನೂ ಇದೆ. ಹಾಳುಬಾವಿಯ ನೀರೂ ಒಳಗೊಳಗೇ ಪಕ್ಕದ ಬಾವಿಗೆ ಸೇರಬಲ್ಲದು.