ದನದ ಕೊಟ್ಟಿಗೆಯ ಚಿತ್ರಶಾಲೆ

ಸ್ಮಾಲ್‌ಫಿಲ್ಮ್ಸ್ ಎಂಬುದು ಇಬ್ಬರೇ ಕಟ್ಟಿ ನಡೆಸಿದ ಆನಿಮೇಷನ್ ಸ್ಟುಡಿಯೋ. ಇಂಗ್ಲೆಂಡಿನ ಕ್ಯಾಂಟರ್ಬರಿ ಸಮೀಪದ ಬ್ಲೀನ್ ಎಂಬ ಹಳ್ಳಿಯಲ್ಲಿ ಬಳಕೆ ತಪ್ಪಿದ್ದ ದನದ ಕೊಟ್ಟಿಗೆಯೇ ಅದರ ಚಿತ್ರಶಾಲೆ. 1959ರಿಂದ ಅವರ ಸರಣಿಗಳು ಬ್ರಿಟನ್ನಿನ ಟೆಲಿವಿಷನ್‌ನಲ್ಲಿ ಬರತೊಡಗಿದವು; ಆಲಿವರ್ ಪೋಸ್ಟ್‌ಗೇಟ್ ಕಥೆ ಬರೆದು, ಕ್ಯಾಮೆರಾ ನಡೆಸಿ, ನಿರೂಪಣೆಯ ದನಿಯನ್ನೂ ತಾವೇ ಕೊಡುತ್ತಿದ್ದರೆ, ಪೀಟರ್ ಫರ್ಮಿನ್ ಚಿತ್ರ ಬರೆದು ಗೊಂಬೆಗಳನ್ನು ಮಾಡುತ್ತಿದ್ದರು.

ಅವರ ವಿಧಾನಕ್ಕೆ ಸ್ಟಾಪ್ ಮೋಷನ್ ಎಂದು ಹೆಸರು. ಗೊಂಬೆಯನ್ನೋ ರಟ್ಟಿನ ಆಕೃತಿಯನ್ನೋ ತುಸುವೇ ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸಿ ಮತ್ತೊಂದು ತೆಗೆಯುವುದು. ಹೀಗೆ ತೆಗೆದ ಚಿತ್ರಗಳು ಸೆಕೆಂಡಿಗೆ 25ರಂತೆ ಓಡಿದಾಗ ಜಡವಸ್ತು ನಡೆದಾಡುತ್ತದೆ. ತೂತುಳ್ಳ ಲೋಹದ ಪಟ್ಟಿಗಳನ್ನು ಜೋಡಿಸುವ ಮೆಕ್ಯಾನೊ ಎಂಬ ಮಕ್ಕಳ ಆಟಿಕೆಯ ಬಿಡಿಭಾಗಗಳೂ ಅವರ ಕ್ಯಾಮೆರಾದ ಕೆಲಸಕ್ಕೆ ಒದಗಿದ್ದವು.

1969ರಲ್ಲಿ ಬಿಬಿಸಿಯಲ್ಲಿ ಆರಂಭವಾದ ‘ಕ್ಲ್ಯಾಂಗರ್ಸ್’ ಸರಣಿಯ ಗುಲಾಬಿ ಬಣ್ಣದ ಜೀವಿಗಳನ್ನು ಫರ್ಮಿನ್ ಅವರ ಪತ್ನಿ ಜೋನ್ ಉಣ್ಣೆಯಲ್ಲಿ ಹೆಣೆದರು. ಆ ಜೀವಿಗಳಿಗೆ ಮಾತಿಲ್ಲ, ಸಿಳ್ಳೆಯಿದೆ. ಆದರೂ ಪೋಸ್ಟ್‌ಗೇಟ್ ಪ್ರತಿಯೊಂದು ಸಂಭಾಷಣೆಯನ್ನೂ ಮೊದಲು ಇಂಗ್ಲಿಷಿನಲ್ಲಿ ಪೂರ್ಣವಾಗಿ ಬರೆದು, ಕೊಳವೆಯೊಳಗಿನ ಕಡ್ಡಿಯನ್ನು ಎಳೆದು ತಳ್ಳಿ ಸ್ವರ ಏರಿಳಿಸುವ ಸ್ವಾನಿ ವಿಸಲ್‌ನಲ್ಲಿ ಅದನ್ನು ನುಡಿಸುತ್ತಿದ್ದರು. ಕೋಪ, ಬೇಸರ, ಅಕ್ಕರೆಗಳು ಆ ಸಿಳ್ಳೆಯಲ್ಲೇ ಮಕ್ಕಳಿಗೆ ತಿಳಿಯುತ್ತಿದ್ದವು. 1974ರ ‘ಬ್ಯಾಗ್‌ಪಸ್’ನ ಬಟ್ಟೆಯ ಬೆಕ್ಕು ಕಿತ್ತಳೆ ಪಟ್ಟೆಯದಾಗಬೇಕಿತ್ತು, ಬಣ್ಣ ಹಾಕುವಲ್ಲಿ ತಪ್ಪಾಗಿ ಗುಲಾಬಿಯಾಯಿತು, ಇಬ್ಬರೂ ಅದನ್ನೇ ಒಪ್ಪಿಕೊಂಡರು. ಕೇವಲ 13 ಕಂತುಗಳ ಆ ಸರಣಿ 1999ರ ಬಿಬಿಸಿ ಮತದಾನದಲ್ಲಿ ಅತ್ಯಂತ ಮೆಚ್ಚಿನ ಮಕ್ಕಳ ಕಾರ್ಯಕ್ರಮವೆನಿಸಿತು. ಕೈಕೆಲಸದ ಗುರುತನ್ನು ಮರೆಮಾಚದಿದ್ದುದೇ ಈ ಚಿತ್ರಗಳ ದೊಡ್ಡ ಬಲ.

ಸ್ಟುಡಿಯೋ ಸೊರಗಿದ್ದು ಕಸುಬು ಕುಂದಿದ್ದರಿಂದಲ್ಲ. ಟೆಲಿವಿಷನ್ ಸಂಸ್ಥೆಯ ಒಬ್ಬ ಮುಖ್ಯಸ್ಥರು ಕಥೆಯನ್ನು ಮೆಚ್ಚಿ ನಂಬಿಕೆಯ ಮೇಲೆ ಕೆಲಸ ಒಪ್ಪಿಸುತ್ತಿದ್ದ ಕಾಲ ಮುಗಿದು, ವೀಕ್ಷಕರ ಸಂಖ್ಯೆ ಮತ್ತು ವಿದೇಶಿ ಮಾರಾಟದ ಲೆಕ್ಕಾಚಾರ ಮೇಲುಗೈ ಪಡೆದಾಗ, ಶಾಂತವಾಗಿ ಸಾಗುವ ಇಂಥ ಕಥೆಗಳಿಗೆ ಜಾಗ ಸಿಗದಾಯಿತು. 1986ರ ‘ಪಿನ್ನೀಸ್ ಹೌಸ್’ ಸರಣಿಯೊಂದಿಗೆ ಕೊಟ್ಟಿಗೆಯ ಕೆಲಸ ಬಹುಮಟ್ಟಿಗೆ ನಿಂತಿತು. ಪೋಸ್ಟ್‌ಗೇಟ್ 2008ರಲ್ಲಿ ತೀರಿಕೊಂಡರು. 2015ರಲ್ಲಿ ‘ಕ್ಲ್ಯಾಂಗರ್ಸ್’ ಮರಳಿ ಬಂದಾಗ, ಕಂಪ್ಯೂಟರಿನಲ್ಲಿ ಚಿತ್ರ ರಚಿಸುವುದು ವಾಡಿಕೆಯಾಗಿದ್ದರೂ, ಉಣ್ಣೆಯ ಗೊಂಬೆಗಳನ್ನು ಹೊಸದಾಗಿ ಹೆಣೆದು ಒಂದೊಂದೇ ಚಿತ್ರವಾಗಿ ಸೆರೆಹಿಡಿಯಲಾಯಿತು. ಮುಪ್ಪಿನಲ್ಲಿದ್ದ ಫರ್ಮಿನ್ ಆ ತಯಾರಿಕೆಯ ಜೊತೆಗಿದ್ದರು.