ಮಾತಿನ ಸುಂಕದಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬುದು ಹಿರಿಯರ ಗಾದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಆ ಸುಂಕವನ್ನು ಹೆಸರಿನಲ್ಲಿಯೇ ಹೊತ್ತು ನಿಂತ ಊರೊಂದುಂಟು: ಸುಂಕದಕಟ್ಟೆ. ಇಂದು ಅಲ್ಲಿ ಸುಂಕಕ್ಕಾಗಿ ಬಸ್ಸನ್ನು ತಡೆಯುವವರಿಲ್ಲ. ಆದರೂ ಬೆಳಗಿನ ಹೊತ್ತು ಜನರ ಮಾತಿಗೆ ಕಿವಿಗೊಟ್ಟರೆ, ಬೇರೊಂದು ಬಗೆಯ ಸುಂಕ ಸಲ್ಲುತ್ತಿರುವುದು ತಿಳಿಯುತ್ತದೆ. ಇಂಗ್ಲಿಷಿನಿಂದ ಬಂದ ಪದವು ತನ್ನ ಅರ್ಥದ ಒಂದಂಶವನ್ನು ಕನ್ನಡದ ಕಟ್ಟೆಯಲ್ಲಿ ಇಳಿಸಿಯೇ ಒಳಗೆ ಬರುತ್ತದೆ.

“ಡ್ಯೂಟಿಗೆ ಹೊತ್ತಾಯಿತು” ಎಂದು ಗಾರ್ಮೆಂಟ್ ಕಾರ್ಖಾನೆಗೆ ಧಾವಿಸುವ ತಾಯಿಯ ಬಾಯಲ್ಲಿ ಆ ಪದಕ್ಕೆ ಪಾಳಿಯ ಕೆಲಸವೆಂದಷ್ಟೇ ಅರ್ಥ. ಇಂಗ್ಲಿಷಿನಲ್ಲಾದರೋ ಅದು ಕರ್ತವ್ಯವೂ ಹೌದು, ಸರಕಿನ ಮೇಲಣ ಸುಂಕವೂ ಹೌದು. ‘ಸಲ್ಲಬೇಕಾದದ್ದು’ ಎಂಬುದೇ ಅದರ ಮೂಲಾರ್ಥ. ‘ಕಸ್ಟಮ್’ ಎಂದರೆ ರೂಢಿ. ಅದೇ ‘ಕಸ್ಟಮ್ಸ್’ ಎಂದಾಗ ಸುಂಕ, ಅಂದರೆ ರೂಢಿಯಿಂದ ತೆರುತ್ತ ಬಂದದ್ದು. ನಮ್ಮ ‘ಸುಂಕ’ವೂ ಸಂಸ್ಕೃತದ ‘ಶುಲ್ಕ’ದ ತದ್ಭವವಷ್ಟೆ. ಆದರೂ ಶಾಲೆಗೆ ಕಟ್ಟುವುದು ಶುಲ್ಕ, ಗಡಿಯಲ್ಲಿ ತೆರುವುದು ಸುಂಕ. ಬಳಕೆಯು ಒಂದೇ ಪದವನ್ನು ಸೀಳಿ ಎರಡು ಕೆಲಸಕ್ಕೆ ಹಚ್ಚಿದೆ.

ಇಂಗ್ಲೆಂಡಿನಲ್ಲಿ ಹೋಟೆಲೆಂದರೆ ರಾತ್ರಿ ತಂಗುವ ಮನೆ; ನಮ್ಮಲ್ಲಿ ಇಡ್ಲಿ ತಿಂದು ಕಾಲು ಗಂಟೆಯಲ್ಲಿ ಎದ್ದುಬರುವ ಸ್ಥಳ. ಅಲ್ಲಿ ಹೊಳೆಯ ಸೆಳೆತಕ್ಕೂ ಸಲ್ಲುವ ‘ಕರೆಂಟು’ ಇಲ್ಲಿ ದೀಪಕ್ಕೆ ಮಾತ್ರ ಮೀಸಲು.

ಇದು ನಮ್ಮೊಬ್ಬರ ಪಾಡಲ್ಲ. ಇಂಗ್ಲಿಷಿನ ‘ಸರ್ವಿಸ್’ ಜಪಾನಿನಲ್ಲಿ ‘ಸಾಬಿಸು’ ಆಗಿ, ಅಂಗಡಿಯವನು ಪುಕ್ಕಟೆಯಾಗಿ ಕೊಡುವ ವಸ್ತುವಿಗೂ ಹೆಸರಾಗಿದೆ. ಜಾಣತನವನ್ನು ಸೂಚಿಸುವ ‘ಕನ್ನಿಂಗ್’ ಅಲ್ಲಿ ಪರೀಕ್ಷೆಯ ನಕಲು. 1958ರಲ್ಲಿ ಟೋಕಿಯೋದ ಇಂಪೀರಿಯಲ್ ಹೋಟೆಲು, ಬೇಕಾದಷ್ಟು ಬಡಿಸಿಕೊಂಡು ಉಣ್ಣುವ ತನ್ನ ಭೋಜನಶಾಲೆಗೆ ‘ವೈಕಿಂಗ್’ ಎಂದು ಹೆಸರಿಟ್ಟಿತು. ಅಂದಿನಿಂದ ಅಂಥ ಊಟವೆಲ್ಲ ಅಲ್ಲಿ ‘ಬೈಕಿಂಗು’. ಇಂಗ್ಲಿಷ್ ಕಲಿಯುವ ಜಪಾನೀಯನು ತನಗೆ ಚೆನ್ನಾಗಿ ಗೊತ್ತಿರುವ ಪದಗಳನ್ನೇ ಮತ್ತೊಮ್ಮೆ ಕಲಿಯಬೇಕಾಗುತ್ತದೆ!

ತೊಡಕಿರುವುದು ಇಲ್ಲಿಯೇ. ತಾಯಿ ಪಾಳಿಯ ದುಡಿಮೆಯಿಂದ ಓದಿಸಿದ ಮಗಳು ವಿದೇಶದ ಕಂಪನಿಯ ಸಂದರ್ಶನದಲ್ಲಿ “ಹೋದ ವರ್ಷ ಪಾಸ್ ಔಟ್ ಆದೆ” ಎಂದಳೆನ್ನಿ. ಬೆಂಗಳೂರಿನಲ್ಲಿ ಅದು ಪದವಿ ಮುಗಿಸಿದ ಹೆಮ್ಮೆ. ಅಮೆರಿಕದವನ ಕಿವಿಗೆ ಮೂರ್ಛೆ ಹೋದ ವಾರ್ತೆ. ಎದುರಿನವನ ನಗೆಗೆ ಕಾರಣ ತಿಳಿಯದೆ ಆಕೆ ನಾಚಿದರೆ ಮುಂದಿನ ಉತ್ತರಗಳೂ ಗಂಟಲಲ್ಲಿಯೇ ಉಳಿದಾವು. ಮನೆಯವರೂ “ನಿನಗೆ ಇಂಗ್ಲಿಷ್ ಬಾರದು” ಎಂದುಬಿಟ್ಟರೆ ಮುಗಿದೇಹೋಯಿತು. ಆಕೆಗೆ ಭಾಷೆ ಬಾರದೆಂದಲ್ಲ. ತಾನಾಡಿದ ಪದಕ್ಕೆ ಎರಡು ಊರುಗಳಿವೆಯೆಂದು ಹೇಳಿದವರಿರಲಿಲ್ಲ. ‘ಗ್ರ್ಯಾಜುಯೇಟ್ ಆದೆ’ ಎಂದಿದ್ದರೆ ಎರಡೂ ಕಡೆ ಸಲ್ಲುತ್ತಿತ್ತು.

ನಿಘಂಟು ಪದದ ಹುಟ್ಟೂರನ್ನು ತೋರಿಸೀತು. ಅದು ಈಗ ಯಾರ ಮನೆಯಲ್ಲಿದೆಯೆಂದು ತಿಳಿಯಲು ಆಡುವವರ ಮಾತನ್ನೇ ಕೇಳಬೇಕು. ಸುಂಕ ತೆತ್ತು ಒಳಬಂದ ಪದ ನಮ್ಮದೇ, ಅದಕ್ಕೆ ನಾಚಬೇಕಾಗಿಲ್ಲ. ಆದರೆ ಅದೇ ಪದವನ್ನು ಮತ್ತೆ ಹೊರನಾಡಿಗೆ ಕಳುಹಿಸುವಾಗ, ಕಟ್ಟೆಯಲ್ಲಿ ಇಳಿಸಿಕೊಂಡ ಹಳೆಯ ಗಂಟನ್ನು ಅದರ ಹೆಗಲಿಗೆ ಹೊರಿಸಿ ಕಳುಹಿಸುವುದು ಲೇಸು.